ಕಾವೇರಿ ಜಲವಿವಾದದ ವಸಾಹತು ಮೂಲಗಳು

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯ ಹೆಸರಿನಲ್ಲಿಯೇ ಕೆರೆಯಿದೆ. ಇಂತಹ ಊರುಗಳ ಹೆಸರುಗಳು ನೀರಿನ ವಿಚಾರವು ನಾಡಿನೊಳಗೇ ತೀರ್ಮಾನವಾಗುತ್ತಿದ್ದ ಕಾಲವನ್ನು ನೆನಪಿಗೆ ತರುತ್ತವೆ. ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ಮಂಡ್ಯ ಸೀಮೆಯ ಗದ್ದೆಗಳ ಭವಿಷ್ಯವು ದೂರದ ನ್ಯಾಯಪೀಠಗಳ ತೀರ್ಪನ್ನು ಕಾಯುವಂತಾದುದು ಹೇಗೆ ಎಂಬುದನ್ನು ನಾವಿಲ್ಲಿ ವಿಚಾರಿಸುತ್ತೇವೆ.

ವಿವಾದದ ಮೊದಲ ಬೀಜವನ್ನು 1799ರಲ್ಲಿ ಕಾಣಬಹುದು. ಶ್ರೀರಂಗಪಟ್ಟಣದ ಪತನಾನಂತರ ಕೊಯಮತ್ತೂರು ಪ್ರಾಂತವು ಕಂಪನಿಯ ವಶವಾಯಿತು. ಮಳವಳ್ಳಿಗೆ ನೆರೆಯಾದ ಕೊಳ್ಳೇಗಾಲವೂ ಮದರಾಸಿನ ಆಡಳಿತಕ್ಕೆ ಸೇರಿತು. ಕಂದಾಯಕ್ಕಾಗಿಯೂ ಸೈನ್ಯದ ಅನುಕೂಲಕ್ಕಾಗಿಯೂ ಎಳೆದ ಗಡಿಯು ನದಿಯ ಸ್ವಭಾವವನ್ನು ಗಣಿಸಲಿಲ್ಲ. 1834ರಲ್ಲಿ ಕಾವೇರಿಯ ಉಗಮಸ್ಥಾನವಾದ ಕೊಡಗನ್ನೂ ಆಂಗ್ಲರು ಸ್ವಾಧೀನಪಡಿಸಿಕೊಂಡರು.

1881ರಲ್ಲಿ ಮೈಸೂರು ಮರಳಿ ಒಡೆಯರ ಕೈಸೇರಿತಾದರೂ, ಗವರ್ನರ್ ಜನರಲರ ಸಲಹೆಯನ್ನು ಪಾಲಿಸಲೇಬೇಕೆಂಬ ಷರತ್ತು ಅದರ ಬೆನ್ನಿಗಿತ್ತು. ಈ ಸ್ಥಿತಿಯಲ್ಲಿ, 1890ರ ಉದಕಮಂಡಲದ ಮಾತುಕತೆಯ ತರುವಾಯ, 1892ರ ಫೆಬ್ರವರಿ 18ರ ಒಡಂಬಡಿಕೆಯು ಏರ್ಪಟ್ಟಿತು. ಅದರಂತೆ ನಿರ್ದಿಷ್ಟ ನದಿಗಳ ಮೇಲೆ ಮದರಾಸಿನ ಪೂರ್ವಸಮ್ಮತಿಯಿಲ್ಲದೆ ಮೈಸೂರು ಹೊಸ ಜಲಾಶಯಗಳನ್ನು ಕಟ್ಟುವಂತಿರಲಿಲ್ಲ. ತನಗೆ ಅದಾಗಲೇ ಪ್ರಾಪ್ತವಾಗಿದ್ದ ಹಕ್ಕುಗಳ ರಕ್ಷಣೆಗಾಗಿ ಮಾತ್ರವೇ ಮದರಾಸು ಸಮ್ಮತಿಯನ್ನು ನಿರಾಕರಿಸಬಹುದಿತ್ತು. ಮಾತು ಸಮದೂಗಿದಂತೆ ತೋರುತ್ತದೆ. ಆದರೆ ಮೊದಲು ನೀರು ಬಳಸಿದವನಿಗೆ ರಕ್ಷಣೆ, ತಡವಾಗಿ ಕಟ್ಟಹೊರಟವನಿಗೆ ನಿರ್ಬಂಧ ಎಂಬುದೇ ಅದರ ಫಲಿತಾರ್ಥ.

ಕನ್ನಂಬಾಡಿ ಕಟ್ಟೆಯ ಸಂದರ್ಭದಲ್ಲಿ ಈ ಅಸಮತೆ ಸ್ಪಷ್ಟವಾಯಿತು. ಮೈಸೂರು 41.5 ಟಿ.ಎಂ.ಸಿ. ಸಂಗ್ರಹವನ್ನು ಬಯಸಿದರೆ ಮದರಾಸು 11ಕ್ಕಷ್ಟೇ ಒಪ್ಪಿತು. ಮಧ್ಯಸ್ಥರಾದ ಗ್ರಿಫಿನ್ನರು 1914ರಲ್ಲಿ ಮೈಸೂರಿಗೆ ಅನುಕೂಲವಾದ ತೀರ್ಪನ್ನಿತ್ತರು. ಭಾರತ ಸರ್ಕಾರವು 1916ರಲ್ಲಿ ಅದನ್ನು ಅನುಮೋದಿಸಿತು. ಆದರೂ ಮದರಾಸಿನ ಮನವಿಯ ಮೇರೆಗೆ 1919ರಲ್ಲಿ ಲಂಡನ್ನಿನ ಭಾರತ ಸಚಿವರು ಆ ವಿಷಯವನ್ನು ಮತ್ತೆ ತೆರೆದರು. ಮದರಾಸು ಬ್ರಿಟಿಷರ ಪ್ರಾಂತ. ಕೊನೆಯ ನ್ಯಾಯಸ್ಥಾನವೂ ಬ್ರಿಟಿಷರದೇ. ವಾದಿಯೂ ನ್ಯಾಯಾಧಿಪತಿಯೂ ಒಂದೇ ಮನೆಯವರಾದಾಗ ಸಂಸ್ಥಾನಕ್ಕೆ ರಾಜಿಯ ಹೊರತು ದಾರಿ ವಿರಳ.

1924ರ ಫೆಬ್ರವರಿ 18ರ ಒಪ್ಪಂದವು ಮೈಸೂರಿಗೆ 1,25,000 ಎಕರೆ, ಮದರಾಸಿಗೆ 3,01,000 ಎಕರೆ ಹೊಸ ನೀರಾವರಿಗೆ ಅವಕಾಶವಿತ್ತಿತು. ಕೆಲವು ಷರತ್ತುಗಳನ್ನು 50 ವರ್ಷಗಳ ತರುವಾಯ ಪುನರ್ವಿಮರ್ಶಿಸಬೇಕೆಂದಿತು. ಉಗಮಸ್ಥಾನವಾದ ಕೊಡಗು ಇದರಲ್ಲಿ ಪಕ್ಷಗಾರನಾಗಿರಲಿಲ್ಲ. ಆದರೂ ಮಂಡ್ಯದ ಕಬ್ಬು, 1933ರ ಸಕ್ಕರೆ ಕಾರ್ಖಾನೆಗಳು ಈ ಒಪ್ಪಂದದ ನೆರಳಿನಲ್ಲಿಯೇ ಬೆಳೆದವೆಂಬುದನ್ನು ಮರೆಯುವಂತಿಲ್ಲ.

1956ರಲ್ಲಿ ಕೊಡಗೂ ಕೊಳ್ಳೇಗಾಲವೂ ಮೈಸೂರು ರಾಜ್ಯವನ್ನು ಸೇರಿದವು. ಗಡಿ ಬದಲಾಯಿತು, ನೀರಿನ ಕರಾರು ಬದಲಾಗಲಿಲ್ಲ. 1990ರಲ್ಲಿ ನ್ಯಾಯಮಂಡಲಿ ರಚಿತವಾಯಿತು. 2007ರಲ್ಲಿ ಅದು ಕರ್ನಾಟಕಕ್ಕೆ 270 ಟಿ.ಎಂ.ಸಿ. ನೀರನ್ನು ಹಂಚಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು 284.75ಕ್ಕೆ ಏರಿಸಿತು. ಹಳೆಯ ಒಪ್ಪಂದಗಳು ಅಸಿಂಧುವಲ್ಲವೆಂದೂ, 1924ರದು 1974ರಲ್ಲಿ ಮುಗಿಯಿತೆಂದೂ ಅದು ಹೇಳಿತು.

ಕಾನೂನಿನ ಸಿಂಧುತ್ವ ಬೇರೆ, ಇತಿಹಾಸದ ವಿವೇಚನೆ ಬೇರೆ. ತಂಜಾವೂರಿನ ರೈತನ ಹಕ್ಕು ಚೋಳರ ಕಾಲದಷ್ಟು ಹಳೆಯದು. ಅದನ್ನು ವಸಾಹತುಶಾಹಿಯ ಸೃಷ್ಟಿಯೆನ್ನುವುದು ಅನುಚಿತ. ವಸಾಹತುಶಾಹಿಯು ಸೃಷ್ಟಿಸಿದುದು ಒಂದೇ ನದಿಯ ಮಕ್ಕಳನ್ನು ಅಸಮ ಬಲದ ಪಕ್ಷಗಾರರನ್ನಾಗಿಸಿದ ವ್ಯವಸ್ಥೆಯನ್ನು. ಈ ವಿವೇಚನೆಯಿದ್ದಲ್ಲಿ ಮಾತ್ರ ನೆರೆಯವನನ್ನು ಶತ್ರುವೆಂದು ಬಗೆಯದೆ ನಮ್ಮ ಪಾಲನ್ನು ಕೇಳುವುದು ಸಾಧ್ಯವೆಂದು ನಾವು ಭಾವಿಸುತ್ತೇವೆ.