ಮಕ್ಕಳ ವಾರ್ಡಿಗೆ ಘಟ್ಟದಿಂದ ದಾರಿ

ಸೊಳ್ಳೆ ಹುಡುಕುವ ಮೊದಲು ಮಕ್ಕಳನ್ನು ಕರೆದು ನಿಲ್ಲಿಸುತ್ತಿದ್ದರು. 1920ರ ದಶಕದ ಕೊನೆಗೆ ಮೈಸೂರು ಸಂಸ್ಥಾನವು ರಾಕ್‌ಫೆಲರ್ ಫೌಂಡೇಷನ್ನಿನ ನೆರವಿನಿಂದ ಮಲೇರಿಯಾದ ಅಧ್ಯಯನಕ್ಕೆ ಇಳಿದಾಗ ಆರಿಸಿಕೊಂಡ ಜಾಗಗಳಲ್ಲಿ ಸಕಲೇಶಪುರದ ನೆರೆಯ ಮೂಡಿಗೆರೆಯೂ ಒಂದು. ಊರೊಂದರಲ್ಲಿ ಚಳಿಜ್ವರ ಎಷ್ಟು ಬೇರುಬಿಟ್ಟಿದೆ ಎಂದು ತಿಳಿಯಲು ಆಗಿನ ವೈದ್ಯರು ನೆಚ್ಚಿದ್ದು ಎರಡರಿಂದ ಹತ್ತು ವರ್ಷದ ಮಕ್ಕಳ ಗುಲ್ಮವನ್ನು. ಎಡ ಪಕ್ಕೆಯ ಕೆಳಗೆ ಬೆರಳೊತ್ತಿ ನೋಡುವುದು, ನೂರಕ್ಕೆ ಎಷ್ಟು ಮಕ್ಕಳಿಗೆ ಗಡ್ಡೆ ಕೈಗೆ ಸಿಕ್ಕಿತೆಂದು ಬರೆದುಕೊಳ್ಳುವುದು. ಮಲೆನಾಡಿನ ಮಗುವಿನ ದೇಹ ಸರ್ಕಾರಿ ಕಡತಕ್ಕೆ ಹೀಗೆ ಲೆಕ್ಕವಾಗಿ ಸೇರಿತು.

ಆ ಮಗುವನ್ನು ನೋಡಿಕೊಳ್ಳುವ ನರ್ಸ್ ಮಾತ್ರ ಹತ್ತಿರದಲ್ಲೆಲ್ಲೂ ಇರಲಿಲ್ಲ.

ಅಂಥ ಮಲೆನಾಡಿನ ಒಂದು ಊರು ಆನೇಮಹಲ್, ಸಕಲೇಶಪುರ ದಾಟಿದ ಕೂಡಲೇ ಹೆದ್ದಾರಿಯಲ್ಲಿ ಸಿಗುತ್ತದೆ. ಟಿಪ್ಪು 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆ ಅಲ್ಲೇ ಮೇಲಿದೆ. ಮುಂದೆ ಶಿರಾಡಿ ಘಟ್ಟ ಇಳಿದರೆ ಮಂಗಳೂರು, ಹಿಂದಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಹಾಸನ. ಈ ಸೀಮೆಗೆ 1840ರ ದಶಕದಿಂದ ಯುರೋಪಿಯನ್ ಪ್ಲಾಂಟರುಗಳು ಬಂದರು, ತೋಟಗಳೆದ್ದವು, ಘಟ್ಟದ ಕೆಳಗಿನಿಂದ, ತಮಿಳು ಸೀಮೆಯಿಂದ ಆಳುಗಳು ಬಂದರು. ತೋಟದ ಕಡೆ ಔಷಧಿ ಎಂದರೆ ಕ್ವಿನೈನ್. ಕೊಡುವವನು ಕಾಂಪೌಂಡರ್, ಅವನೂ ಇಲ್ಲದ ಕಡೆ ತೋಟದ ಲೆಕ್ಕ ಬರೆಯುವ ರೈಟರ್. ಮಗುವಿನ ಮೈ ಸುಡುತ್ತಿದ್ದರೆ ಆಳುಗಳ ಸಾಲುಮನೆಯ, ಅಂದರೆ ಲೈನ್ ಮನೆಯ, ಅಜ್ಜಿಯೇ ಒದ್ದೆಬಟ್ಟೆ ಹಾಕುತ್ತಿದ್ದಳು. ಮಲೆನಾಡಿನ ಮಲೇರಿಯಾ ಹರಡುವ ಸೊಳ್ಳೆ ಕೊಳಚೆಯದಲ್ಲ, ಹರಿಯುವ ತಿಳಿನೀರಿನ ಹಳ್ಳಗಳದು. ಹಾಗಾಗಿ ಶುಚಿಯಾಗಿದ್ದ ಮನೆಯವರಿಗೂ ಬಿಡುಗಡೆ ಇರಲಿಲ್ಲ.

1946ರಲ್ಲಿ ದೇಶದ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಿದ ಭೋರ್ ಸಮಿತಿ ಮುಂದಿಟ್ಟ ಅಂಕಿಗಳು ಇಂದಿಗೂ ಬೆಚ್ಚಿಬೀಳಿಸುತ್ತವೆ. ಬ್ರಿಟಿಷ್ ಇಂಡಿಯಾದಲ್ಲಿ 43,000 ಜನರಿಗೆ ಒಬ್ಬ ನರ್ಸ್. ಸತ್ತವರಲ್ಲಿ ಅರ್ಧದ ಹತ್ತಿರ ಹತ್ತು ವರ್ಷದೊಳಗಿನ ಮಕ್ಕಳು. ನರ್ಸಿಂಗ್ ಕಲಿಸುವ ಹೊಣೆಯನ್ನು ಬಹುಪಾಲು ಹೊತ್ತದ್ದು ಮಿಷನ್ ಆಸ್ಪತ್ರೆಗಳು. ಮೈಸೂರಿನಲ್ಲಿ 1906ರಲ್ಲಿ ಹೆಂಗಸರು ಮಕ್ಕಳಿಗೆಂದೇ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಹಾಸನದಲ್ಲಿ ರೆಡ್‌ಫರ್ನ್ ಆಸ್ಪತ್ರೆ. ಎರಡನ್ನೂ ಜನ ಕರೆಯುವುದು ಮಿಷನ್ ಆಸ್ಪತ್ರೆ ಎಂದೇ. ಮೈಲಿಗೆಯ ಅಂಜಿಕೆ, ರಾತ್ರಿ ಪಾಳಿಯ ಅನುಮಾನ ಸೇರಿ ಹಿಂದೂ ಮನೆಗಳು ಹೆಣ್ಣುಮಕ್ಕಳನ್ನು ಆ ಕೆಲಸಕ್ಕೆ ಕಳಿಸದೆ ಇದ್ದಾಗ, ಬಿಳಿ ಸಮವಸ್ತ್ರ ತೊಟ್ಟವರಲ್ಲಿ ಕ್ರೈಸ್ತ ಹುಡುಗಿಯರೇ ಹೆಚ್ಚು. ಸಂಸ್ಥಾನವೂ ಸುಮ್ಮನಿರಲಿಲ್ಲ: 1935ರಲ್ಲಿ ಬೆಂಗಳೂರಿನಲ್ಲಿ ವಾಣಿ ವಿಲಾಸ ಆಸ್ಪತ್ರೆ ಹೆಂಗಸರು ಮಕ್ಕಳಿಗಾಗಿ ಬಾಗಿಲು ತೆರೆಯಿತು. ಸಕಲೇಶಪುರದ ಸರ್ಕಾರಿ ಆಸ್ಪತ್ರೆ ಮಾತ್ರ ಇವತ್ತಿಗೂ ಕ್ರಾಫರ್ಡ್ ಆಸ್ಪತ್ರೆ. ಕಾಫಿ ದೊರೆಯ ಹೆಸರು ರೋಗಿಗಳ ಬಾಯಲ್ಲಿ ಉಳಿದುಬಿಟ್ಟಿದೆ.

ಮಕ್ಕಳ ಶುಶ್ರೂಷೆ ಬೇರೆಯೇ ವಿದ್ಯೆ ಎಂಬ ಅರಿವು ಇಂಗ್ಲೆಂಡಿನಲ್ಲೂ ತಡವಾಗಿಯೇ ಬಂತು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆ ಶುರುವಾದದ್ದು 1852ರಲ್ಲಿ, ಹತ್ತು ಹಾಸಿಗೆಗಳೊಂದಿಗೆ. ಅದನ್ನು ಕಟ್ಟಿದ ಚಾರ್ಲ್ಸ್ ವೆಸ್ಟ್ ಎರಡು ವರ್ಷದ ನಂತರ ಕಾಯಿಲೆಯ ಮಕ್ಕಳ ಆರೈಕೆ ಕುರಿತು ನರ್ಸುಗಳಿಗಾಗಿ ಪುಸ್ತಕವನ್ನೇ ಬರೆದ. ಮುಂದೆ ಅಲ್ಲಿನ ಮಕ್ಕಳ ವಾರ್ಡುಗಳು ತಾಯಂದಿರನ್ನು ದೂರವಿಟ್ಟವು: ಸೋಂಕು ತರುತ್ತಾರೆ, ಬಂದು ಹೋದಮೇಲೆ ಮಗು ಅಳುತ್ತದೆ ಎಂಬ ಕಾರಣ ಕೊಟ್ಟು ಭೇಟಿಯನ್ನು ವಾರಕ್ಕೊಂದು ಗಳಿಗೆಗೆ ಇಳಿಸಿದ್ದುಂಟು. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್, ಆಸ್ಪತ್ರೆಯಲ್ಲಿ ಒಂಟಿಯಾದ ಎರಡು ವರ್ಷದ ಮಗುವನ್ನು ಚಿತ್ರೀಕರಿಸಿ ತೋರಿಸಿದ. ಆಸ್ಪತ್ರೆ ಸೇರಿದ ಮಕ್ಕಳ ಕುರಿತ 1959ರ ಪ್ಲಾಟ್ ವರದಿ ತಾಯಿ ಜೊತೆಗಿರಲಿ ಎಂದು ಶಿಫಾರಸು ಮಾಡಿತು.

ನಮ್ಮಲ್ಲಿ ತಾಯಿ ಮಂಚದ ಪಕ್ಕ ಬಿಟ್ಟು ಹೋಗಿದ್ದೇ ಇಲ್ಲ. ಇದನ್ನು ಸಂಸ್ಕೃತಿಯ ಹಿರಿಮೆ ಎಂದು ಕೊಂಡಾಡುವವರಿದ್ದಾರೆ. ಅಷ್ಟು ಅವಸರ ಬೇಡ. ಹಾಲು ಕುಡಿಸಲು, ಒದ್ದೆ ಬದಲಿಸಲು, ಡ್ರಿಪ್ ಹಾಕಿದ ಕೈ ಹಿಡಿದುಕೊಳ್ಳಲು ಆಸ್ಪತ್ರೆಯ ಬಳಿ ಬೇರೆ ಜನ ಇರಲಿಲ್ಲ ಎಂಬುದೂ ಅಷ್ಟೇ ನಿಜ. ಕೊರತೆಯಿಂದ ಹುಟ್ಟಿದ ಪದ್ಧತಿಗೆ ವಿಜ್ಞಾನದ ಒಪ್ಪಿಗೆ ಆಮೇಲೆ ಸಿಕ್ಕಿತು. ಮಕ್ಕಳ ವಾರ್ಡಿಗೆ ಮೊದಲ ಸಲ ಪೋಸ್ಟಿಂಗ್ ಬರುವ ವಿದ್ಯಾರ್ಥಿನಿ ಎದುರಿಸುವುದೂ ಇದನ್ನೇ: ಒಂದು ಹಾಸಿಗೆ, ಇಬ್ಬರು ರೋಗಿಗಳು. ಜ್ವರ ಮಗುವಿಗೆ, ಗಾಬರಿ ತಾಯಿಗೆ.

ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ ಬಂದದ್ದು 1947ರಲ್ಲಿ. ದೇಶದ ನರ್ಸಿಂಗ್ ಪಠ್ಯಕ್ಕೆ ಒಂದೇ ಅಳತೆ ಸಿಕ್ಕಿದ್ದು ಅದರಿಂದ. ಈಗ ಬಿಎಸ್ಸಿ ನರ್ಸಿಂಗ್ ಓದುವವರಿಗೆ ಮಕ್ಕಳ ಶುಶ್ರೂಷೆ ಮೂರನೇ ವರ್ಷದ ಪಾಠ, ಜೊತೆಗೆ ವಾರ್ಡಿನ ಪೋಸ್ಟಿಂಗ್. ದೊಡ್ಡವರ ವಾರ್ಡಿನಲ್ಲಿ ಪಳಗಿದ ಕೈ ಇಲ್ಲಿ ತಡವರಿಸುತ್ತದೆ. ಮೊದಲು ತೂಕ, ಆಮೇಲೆ ಔಷಧಿ. ಹತ್ತು ಕಿಲೋ ಮಗುವಿಗೆ ಕಿಲೋಗೆ 15 ಮಿಲಿಗ್ರಾಂ ಲೆಕ್ಕದಲ್ಲಿ ಪ್ಯಾರಾಸಿಟಮಾಲ್ 150 ಮಿಲಿಗ್ರಾಂ. 5 ಮಿಲಿಯಲ್ಲಿ 125 ಇರುವ ಸಿರಪ್ ಆದರೆ 6 ಮಿಲಿ, 250 ಇರುವುದಾದರೆ 3 ಮಿಲಿ. ಬಾಟಲಿ ಅದಲುಬದಲಾದರೆ ಡೋಸ್ ಇಮ್ಮಡಿ, ಇಲ್ಲವೇ ಅರ್ಧ. ಡ್ರಿಪ್ಪಿಗೆ ಮೈಕ್ರೋ ಸೆಟ್, 60 ಹನಿಗೆ 1 ಮಿಲಿ; ನಿಮಿಷಕ್ಕೆ ಎಷ್ಟು ಹನಿಯೋ ಗಂಟೆಗೆ ಅಷ್ಟೇ ಮಿಲಿ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು, ಅದೂ ಮಗು ಅಳದೆ ಇರುವಾಗ. ಎರಡು ತಿಂಗಳಿಂದ ವರ್ಷದೊಳಗಿನ ಮಗುವಿಗೆ 50, ಅದಕ್ಕಿಂತ ದೊಡ್ಡದಕ್ಕೆ ಐದು ವರ್ಷದವರೆಗೆ 40 ಮುಟ್ಟಿದರೆ ನ್ಯುಮೋನಿಯಾದ ಶಂಕೆ. ಆಟಿಕೆ ಕೊಟ್ಟು ಎಣಿಸುವವಳಿಗೆ ಸರಿ ಲೆಕ್ಕ ಸಿಗುತ್ತದೆ, ಸ್ಟೆತಾಸ್ಕೋಪು ತೋರಿಸಿ ಹೋದವಳಿಗೆ ಬರೀ ಅಳು.

ತೋಟದ ಸೀಮೆಯಿಂದ ಬಂದ ವಿದ್ಯಾರ್ಥಿನಿಗೆ ಪಠ್ಯದಲ್ಲಿಲ್ಲದ ಒಂದು ತಿಳಿವಳಿಕೆ ಇರುತ್ತದೆ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ತಾಯಿ ಕೂಲಿ ಬಿಟ್ಟು ಆಸ್ಪತ್ರೆಯಲ್ಲಿ ಕೂತರೆ ಮನೆಯ ಲೆಕ್ಕ ತಪ್ಪುತ್ತದೆ. ಕೂಸನ್ನು ಅಕ್ಕನ ಸೊಂಟಕ್ಕೆ ಬಿಟ್ಟು ಹೋಗುವುದು ನಿರ್ಲಕ್ಷ್ಯವಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆ ಹೆಂಗಸರು ಹೆಚ್ಚಿರುವ ತೋಟಗಳಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂದಿತು. ಸಣ್ಣ ಹಿಡುವಳಿಗಳೇ ತುಂಬಿದ ಸೀಮೆಯಲ್ಲಿ ಆ ನಿಯಮದ ಕೈಗೆ ಸಿಗದವರು ಬಹಳ. ಈಗ ಲೈನ್ ಮನೆಗಳಲ್ಲಿ ಅಸ್ಸಾಮಿನ ಕುಟುಂಬಗಳೂ ಇವೆ. ಮಗುವಿಗೆ ಎಷ್ಟು ಸಲ ಭೇದಿಯಾಯಿತು ಎಂದು ಕೇಳಲು ಅರ್ಧಂಬರ್ಧ ಹಿಂದಿಯೂ ಬೆರಳುಗಳೂ ಬೇಕು.

ಮಲೇರಿಯಾ ಹಿಂದೆ ಸರಿಯಿತು. ಡಿಡಿಟಿ ಹೊಡೆದ ದಶಕಗಳ ಕೊಡುಗೆ ಅದರಲ್ಲಿ ದೊಡ್ಡದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಸಾವಿರ ಹುಟ್ಟಿಗೆ ವರ್ಷದೊಳಗೆ ಸಾಯುವ ಶಿಶುಗಳು ಸುಮಾರು 25. ಭೋರ್ ಸಮಿತಿ ದೇಶಕ್ಕೆ ಕೊಟ್ಟ ಸಂಖ್ಯೆ 162. ದಾರಿಯ ಕಷ್ಟ ಅಷ್ಟಾಗಿ ಕರಗಿಲ್ಲ. ಮಳೆಗಾಲದಲ್ಲಿ ಘಟ್ಟದ ಹೆದ್ದಾರಿಯ ದೋಣಿಗಾಲ್ ಬಳಿ ಗುಡ್ಡ ಕುಸಿದರೆ ಮಂಗಳೂರಿನ ಕಡೆ ಬಾಗಿಲು ಮುಚ್ಚಿದಂತೆ. ಆಗ ಉಳಿಯುವುದು ಹಾಸನ, 2008ರಿಂದ ಓಡುತ್ತಿರುವ 108 ಆಂಬುಲೆನ್ಸ್.

ಪೋಸ್ಟಿಂಗಿನಲ್ಲಿ ವಿದ್ಯಾರ್ಥಿನಿಯರು ತಾಯಂದಿರನ್ನು ಕೂರಿಸಿಕೊಂಡು ಆರೋಗ್ಯ ಪಾಠ ಹೇಳಬೇಕು. ಓಆರ್‌ಎಸ್ ಪೊಟ್ಟಣ ಒಂದು ಲೀಟರ್ ನೀರಿಗೆ, ಜಿಂಕ್ ಮಾತ್ರೆ 14 ದಿನ. ಚಾರ್ಟಿನಲ್ಲಿ ಅಳತೆ ಜಗ್ಗಿನ ಚಿತ್ರವಿರುತ್ತದೆ, ಲೈನ್ ಮನೆಯಲ್ಲಿ ಜಗ್ಗಿರುವುದಿಲ್ಲ. ತೋಟದ ಕಡೆಯವಳು ಚಾರ್ಟ್ ಬದಿಗಿಟ್ಟು, ಅಂಗಡಿಯಲ್ಲಿ ಸಿಗುವ ಲೀಟರ್ ನೀರಿನ ಖಾಲಿ ಬಾಟಲಿ ಎತ್ತಿ ತೋರಿಸುತ್ತಾಳೆ.