ಶಿಕಾಗೋದ ನಕ್ಷೆ ಹೇಳಿದ್ದೇನು?

ಒಬ್ಬ ಹುಡುಗ ಕಳವಿನಲ್ಲಿ ಸಿಕ್ಕಿಬಿದ್ದರೆ ನಮ್ಮಲ್ಲಿ ಮೊದಲು ಕೇಳುವ ಪ್ರಶ್ನೆ, 'ಅವನು ಯಾರ ಪೈಕಿ?' ಎಂದು. ನೂರು ವರ್ಷಗಳ ಹಿಂದೆ ಅಮೆರಿಕದ ಶಿಕಾಗೋ ನಗರದಲ್ಲೂ ಜನ ಹೀಗೆಯೇ ಕೇಳುತ್ತಿದ್ದರು. ಅಲ್ಲಿ ಬೆರಳು ತೋರಿಸುತ್ತಿದ್ದುದು ಐರಿಷರು, ಪೋಲಿಷರು, ಇಟಾಲಿಯನ್ನರ ಕಡೆಗೆ.

ಮಕ್ಕಳಿಗೆಂದೇ ಪ್ರತ್ಯೇಕ ನ್ಯಾಯಾಲಯ 1899ರ ಜುಲೈ ತಿಂಗಳಲ್ಲಿ ಆರಂಭವಾದದ್ದು ಅದೇ ನಗರದಲ್ಲಿ. 12 ವರ್ಷದೊಳಗಿನವರನ್ನು ಜೈಲಿಗೆ ಹಾಕಬಾರದು, ಮಕ್ಕಳ ಮೇಲೆ ನಿಗಾ ಇಡಲು ಪ್ರೊಬೇಷನ್ ಅಧಿಕಾರಿಗಳಿರಬೇಕು ಎಂದು ಹೊಸ ಕಾನೂನು ಹೇಳಿತು. ಆ ಅಧಿಕಾರಿಗಳ ಸಂಬಳಕ್ಕೆ ಮಾತ್ರ ಸರಕಾರ ಮೊದಲಿಗೆ ಕಾಸು ಬಿಚ್ಚಲಿಲ್ಲ. ಊರಿನ ಮಹಿಳೆಯರ ಸಂಘದವರು ಹಣ ಕೂಡಿಸಬೇಕಾಯಿತು.

ಆ ನ್ಯಾಯಾಲಯದ ಕಡತಗಳನ್ನು ಹಿಡಿದು ಕೂತವರು ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು. ಹಾಜರಾದ ಪ್ರತಿ ಹುಡುಗನ ಮನೆ ಎಲ್ಲಿದೆ ಎಂದು ನೋಡಿ ನಗರದ ನಕ್ಷೆಯ ಮೇಲೆ ಗುರುತು ಹಾಕಿದರು. ಕಾರ್ಖಾನೆ, ಕಸಾಯಿಖಾನೆಗಳ ಪಕ್ಕದ ಇಕ್ಕಟ್ಟಾದ ಬಾಡಿಗೆ ಮನೆಗಳ ಕೇರಿಗಳಲ್ಲಿ ಗುರುತುಗಳು ದಟ್ಟವಾಗಿದ್ದವು. ಇದರಲ್ಲಿ ಅಚ್ಚರಿಯೇನಿಲ್ಲ. ಅಚ್ಚರಿ ಇರುವುದು ಮುಂದಿನದರಲ್ಲಿ. ಮೊದಲು ಆ ಕೇರಿಗಳಲ್ಲಿ ಜರ್ಮನ್ನರು, ಐರಿಷರು ಇದ್ದರು. ಅವರು ನಾಲ್ಕು ಕಾಸು ಕಂಡು ಹೊರಗೆ ಹೋದರು, ಆ ಜಾಗಕ್ಕೆ ಪೋಲಿಷರು, ಇಟಾಲಿಯನ್ನರು ಬಂದರು. ಜನ ಬದಲಾದರೂ ಕೇರಿಯ ಲೆಕ್ಕ ಹೆಚ್ಚುಕಡಿಮೆ ಹಾಗೇ ಉಳಿಯಿತು. ಹೊರಗೆ ಹೋದವರ ಮಕ್ಕಳು ಕೋರ್ಟಿಗೆ ಬರುವುದು ಮಾತ್ರ ಇಳಿಯಿತು. ದೋಷ ರಕ್ತದಲ್ಲಿದ್ದರೆ ಅದು ಮನೆ ಬದಲಾಯಿಸಿದ ಕೂಡಲೇ ಕಳಚಿ ಬೀಳುತ್ತದೆಯೇ?

ಈ ಲೆಕ್ಕದಲ್ಲಿ ಒಂದು ಕೊರತೆಯೂ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಕೋರ್ಟಿನ ಕಡತದಲ್ಲಿ ಇರುವುದು ಸಿಕ್ಕಿಬಿದ್ದವರು ಮಾತ್ರ. ಬಡವರ ಕೇರಿಯಲ್ಲಿ ಪೊಲೀಸರು ಹೆಚ್ಚು ತಿರುಗುತ್ತಾರೆ. ಉಳ್ಳವರ ಮಗ ಅದೇ ತಪ್ಪು ಮಾಡಿದರೆ ವಿಷಯ ಮನೆಯಂಗಳದಲ್ಲೇ ಮುಗಿಯುತ್ತದೆ.

1930ರ ದಶಕದಲ್ಲಿ ಶಾ ನಕ್ಷೆ ಬಿಟ್ಟು ಕೇರಿಗೇ ಇಳಿದರು. ರಸೆಲ್ ಸ್ಕ್ವೇರ್ ಎಂಬ ಪೋಲಿಷ್ ಮೊಹಲ್ಲಾದಲ್ಲಿ ಅಲ್ಲಿನ ಚರ್ಚನ್ನೂ ಸ್ಥಳೀಯರನ್ನೂ ಸೇರಿಸಿಕೊಂಡು ಕೆಲಸ ಶುರುವಾಯಿತು. ಹುಡುಗರಿಗೆ ಆಟದ ಜಾಗ, ಜೈಲಿನಿಂದ ಹಿಂತಿರುಗಿದವನಿಗೆ ಒಂದು ಕೆಲಸ, ಜೊತೆಗೆ ಮಾತಾಡಲು ಅದೇ ಬೀದಿಯ ಒಬ್ಬ ಹಿರಿಯ. ಹೊರಗಿನ ಪಂಡಿತರಿಗಿಂತ ಕೇರಿಯವರೇ ನಡೆಸಬೇಕು ಎಂಬುದು ಶಾ ಅವರ ಹಟ. ಒಂದು ಕಾಲದಲ್ಲಿ ಜೈಲು ಕಂಡವರನ್ನೂ ಅವರು ಕೆಲಸಕ್ಕೆ ಸೇರಿಸಿಕೊಂಡರು.

ನಮ್ಮ ದೇಶದಲ್ಲಿ ಪ್ರಾಂತೀಯ ಮಕ್ಕಳ ಕಾಯಿದೆ ಮೊದಲು ಬಂದದ್ದು 1920ರಲ್ಲಿ, ಮದ್ರಾಸಿನಲ್ಲಿ. ಮಂಗಳೂರು, ಉಡುಪಿಗಳು ಆಗ ಆ ಪ್ರಾಂತಕ್ಕೇ ಸೇರಿದ್ದವು. 2000ದ ಕಾಯಿದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದಿತು. 2015ರ ಕಾಯಿದೆ ಘೋರ ಅಪರಾಧಗಳಲ್ಲಿ 16 ದಾಟಿದವರನ್ನು ದೊಡ್ಡವರಂತೆ ವಿಚಾರಣೆಗೆ ಒಳಪಡಿಸಲು ದಾರಿ ತೆರೆಯಿತು. ಇದು ಹಿಂದಕ್ಕೆ ಇಟ್ಟ ಹೆಜ್ಜೆ ಎಂದೇ ನಮಗೆ ಅನಿಸುತ್ತದೆ. ಅದೇ ಕಾಯಿದೆಯ 74ನೇ ಕಲಮು ಅಂಥ ಮಗುವಿನ ಹೆಸರು, ಫೋಟೋ, ವಿಳಾಸ, ಶಾಲೆ ಯಾವುದನ್ನೂ ಬಹಿರಂಗಪಡಿಸಬಾರದು ಎನ್ನುತ್ತದೆ. ಪತ್ರಿಕೆಯವರಿಗಷ್ಟೇ ಅಲ್ಲ, ಇತರ ಸಂವಹನ ಮಾಧ್ಯಮಗಳಿಗೂ ಈ ಮಾತು ಅನ್ವಯಿಸುತ್ತದೆ. ಮೊಹಲ್ಲಾದ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಂಚುವವರು ತಿಳಿದಿರಲಿ. ಮೀರಿದವರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ.