ಹುಳು ಮನೆಯ ಕಾವು, ಕೋಳಿ ಮನೆಯ ಬಿಸಿಲು

ಕೋಳಿ ಮನೆಯನ್ನು ಬಿಸಿಲಿನ ವಿದ್ಯುತ್ತಿನಿಂದ ಬೆಚ್ಚಗಿಡಬಹುದೆ, ತಂಪಾಗಿಸಬಹುದೆ ಎಂದು ಯೋಚಿಸುವವರು ಶಿಡ್ಲಘಟ್ಟ ಸೀಮೆಯ ರೇಷ್ಮೆ ಹುಳು ಮನೆಗಳ ಚರಿತ್ರೆಯನ್ನು ಮೊದಲು ನೋಡಬೇಕು. ಒಳಗಿನ ಹವೆಯನ್ನು ಹದದಲ್ಲಿ ಹಿಡಿಯುವ ವಿದ್ಯೆ ಆ ಸೀಮೆಯ ಜಂಗಮಕೋಟೆಯ ಸುತ್ತಿನ ಊರುಗಳಿಗೆ ಹೊಸದಲ್ಲ. ಕೋಳಿ ಮರಿಗೆ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವು ಬೇಕು; ಬೆಳೆದ ಕೋಳಿಯನ್ನು ಅದೇ ಕಾವು ಕೊಲ್ಲಬಲ್ಲದು. ಹುಳುವಿನ ಸ್ವಭಾವವೂ ಹಾಗೆಯೇ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27–28 ಡಿಗ್ರಿ ಮತ್ತು ಶೇ. 80ಕ್ಕೂ ಮೇಲಿನ ತೇವ ಬೇಕು. ಕೊನೆಯ ಜ್ವರ (ಪೊರೆ ಕಳಚುವ ನಿದ್ದೆ) ಎದ್ದ ಹುಳುವಿಗೆ 24–25 ಡಿಗ್ರಿ, ಶೇ. 70ರಷ್ಟು ತೇವ ಸಾಕು. ಸೆಕೆ ಮೀರಿದರೆ ಹಾಲುತೊಂಡೆ, ಸಪ್ಪೆ ರೋಗ. ಚಳಿ ಮತ್ತು ತೇವ ಕೂಡಿದರೆ ಸುಣ್ಣಕಟ್ಟು.

ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ಈ ಕಸುಬು ಬಹುಕಾಲ ಒಕ್ಕಲಿನ ವಾಸದ ಮನೆಯೊಳಗೇ ನಡೆಯಿತು. ದಪ್ಪ ಮಣ್ಣಿನ ಗೋಡೆ ಹಗಲಿನ ಬಿಸಿಲನ್ನು ನಿಧಾನವಾಗಿ ಕುಡಿದು ರಾತ್ರಿ ಬಿಟ್ಟುಕೊಡುತ್ತಿತ್ತು. ಚಳಿಗೆ ಇದ್ದಿಲಿನ ಕುಂಪಟಿ, ಬೇಸಿಗೆಗೆ ಕಿಟಕಿಗೆ ತೂಗಿದ ಒದ್ದೆ ಗೋಣಿತಾಟು. ಇಷ್ಟರಲ್ಲೇ ಬೆಳೆ ಬರುತ್ತಿದ್ದುದಕ್ಕೆ ಗಟ್ಟಿಮುಟ್ಟಾದ ಮೈಸೂರು ತಳಿಯೂ ಕಾರಣ. 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ಮುಟ್ಟಿತ್ತು. 2007ರವರೆಗೆ ಶಿಡ್ಲಘಟ್ಟವೂ ಕೋಲಾರ ಜಿಲ್ಲೆಯದೇ. ಆದರೆ ಗಣಿಗೆ ಹರಿದ ಕರೆಂಟು ಹುಳು ಮನೆಗೆ ಬರಲು ದಶಕಗಳೇ ಹಿಡಿದವು. ಅಷ್ಟರಲ್ಲಿ ಕಸುಬೇ ಬದಲಾಗಿತ್ತು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಜಪಾನಿನ ನೆರವಿನೊಂದಿಗೆ 1990ರ ದಶಕದಲ್ಲಿ ರೂಪಿಸಿದ ಸಿಎಸ್‌ಆರ್ ದ್ವಿತಳಿಗಳು ಉತ್ತಮ ನೂಲು ಕೊಟ್ಟವು, ಜೊತೆಗೆ ಹವೆಯ ವಿಷಯದಲ್ಲಿ ಹೆಚ್ಚು ನಾಜೂಕನ್ನು ಬೇಡಿದವು. ರೆಂಬೆ ಸಮೇತ ಸೊಪ್ಪು ಹಾಕುವ ಪದ್ಧತಿಗೆ ವಿಶಾಲ ಜಾಗ ಬೇಕಾಗಿ ಹುಳು ವಾಸದ ಮನೆ ಬಿಟ್ಟು ಹೊರಗಿನ ಶೆಡ್ಡಿಗೆ ಹೋಯಿತು. ಎಷ್ಟೋ ಶೆಡ್ಡುಗಳ ಮೇಲೆ ಕೂತದ್ದು ಶೀಟು. ಹುಳು ನಾಜೂಕಾಗುತ್ತಿದ್ದ ಹೊತ್ತಿಗೇ ಅದರ ಮನೆ ಕೆಟ್ಟಿತು. ನನ್ನ ಮಟ್ಟಿಗೆ ಈ ಚರಿತ್ರೆಯ ಮುಖ್ಯ ಸಂಗತಿ ಇದೇ: ಗೋಡೆ, ಸೂರು ಮಾಡುತ್ತಿದ್ದ ಕೆಲಸವನ್ನು ನಾವು ಯಂತ್ರಕ್ಕೆ ಹೊರಿಸಿದೆವು. ಆ ಕೊರತೆಯನ್ನು ಸೌರಫಲಕದಿಂದ ಪೂರ್ತಿ ತುಂಬಿಸಿಕೊಳ್ಳುವುದು ದುಬಾರಿ.

ಹಾಗೆಂದು ಫಲಕ ಬೇಡವೆಂದಲ್ಲ. ಇನ್ನೊಂದು ಬದಲಾವಣೆ ಅದಕ್ಕೆ ದಾರಿ ಮಾಡಿದೆ. ಈಗ ಬಹುಪಾಲು ರೈತರು ಎರಡನೇ ಜ್ವರ ದಾಟಿದ ಹುಳುವನ್ನು ಚಾಕಿ ಕೇಂದ್ರದಿಂದ ತರುತ್ತಾರೆ. ಹೆಚ್ಚು ಕಾವು ಬೇಡುವ ದಿನಗಳು ಹಲವು ಬೆಳೆಗಾರರ ಪರವಾಗಿ ಒಂದೇ ಕೋಣೆಯಲ್ಲಿ ಕಳೆಯುತ್ತವೆ. ರೈತನ ಶೆಡ್ಡಿಗೆ ಉಳಿದ ದೊಡ್ಡ ಚಿಂತೆ ಬೇಸಿಗೆಯ ಸೆಕೆ, ಅದು ಏರುವುದು ಬಿಸಿಲು ಜೋರಾಗಿರುವಾಗಲೇ. ಮಿತವ್ಯಯದ ಫ್ಯಾನಿಗೆ 30 ವ್ಯಾಟ್ ಸಾಕು. ರಾತ್ರಿಯಿಡೀ ಉರಿಯುವ ಹೀಟರಿಗೆ 1000–2000 ವ್ಯಾಟ್ ಬೇಕು. ಮೊದಲನೆಯದನ್ನು ಬ್ಯಾಟರಿಯಿಲ್ಲದೆ ಫಲಕವೇ ಓಡಿಸುತ್ತದೆ, ಎರಡನೆಯದಕ್ಕೆ ಬ್ಯಾಟರಿಯ ಖರ್ಚೇ ಬೆಳೆಯನ್ನು ನುಂಗುತ್ತದೆ.

ಊರಿಗೆ ಕರೆಂಟಿರುವಾಗ ಫಲಕವೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಹುಳು ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಶೇ. 80ಕ್ಕೂ ಹೆಚ್ಚು ಪಾಲನ್ನು ಕೊನೆಯ ಹಂತದಲ್ಲೇ ತಿನ್ನುತ್ತದೆ. ಆಗ ಏಪ್ರಿಲ್ ಮಧ್ಯಾಹ್ನ ಕರೆಂಟು ಕೈಕೊಟ್ಟರೆ ಪೂರ್ತಿ ಬೆಳೆಯ ಶ್ರಮ ಅಪಾಯಕ್ಕೆ ಬೀಳುತ್ತದೆ. ಸಾವಿರ ಅಡಿ ಕೊರೆದ ಕೊಳವೆ ಬಾವಿಗಳ ನಾಡಿನಲ್ಲಿ ಶೆಡ್ಡಿನ ತಂಪಿಗೆಂದು ಮಂಜಿನಂತೆ ನೀರು ಸಿಂಪಡಿಸಬಹುದೆ ಎಂಬ ಆಕ್ಷೇಪ ಇನ್ನೂ ಗಂಭೀರ. ಒಣಹವೆಯ ದಿನಗಳಲ್ಲಿ ತೋಟಕ್ಕೆ ಹೋಗುವ ನೀರಿನ ಮುಂದೆ ಸಿಂಪಡಣೆಯ ನೀರು ಅಲ್ಪ. ಮಳೆಗಾಲದಲ್ಲಿ ಮಾತ್ರ ಸಿಂಪಡಣೆ ಸಲ್ಲದು, ತೇವದ ಹವೆಯಲ್ಲಿ ಅದು ತಂಪು ಕೊಡುವುದಿಲ್ಲ, ಸುಣ್ಣಕಟ್ಟನ್ನು ಕರೆಯುತ್ತದೆ.

ಕೋಳಿ ಮನೆಗೂ ಇದೇ ಲೆಕ್ಕ. ಉದ್ದವನ್ನು ಪೂರ್ವ–ಪಶ್ಚಿಮಕ್ಕಿಟ್ಟು, ಸೂರನ್ನು ಗೋಡೆಯಿಂದ ಸಾಕಷ್ಟು ಮುಂದೆ ಚಾಚಿ, ಶೀಟಿಗೆ ತೆಂಗಿನ ಗರಿ ಹೊದಿಸಿದ ಮೇಲೆ ಫ್ಯಾನಿಗೆ ಫಲಕ ಹಾಕಿದರೆ ಹಣ ಸಾರ್ಥಕ. ತೊಡಕು ಮರಿಗಳ ಇರುಳಿನ ಕಾವಿನದು, ಏಕೆಂದರೆ ಡಿಸೆಂಬರಿನಲ್ಲಿ ಇಲ್ಲಿನ ರಾತ್ರಿ 15 ಡಿಗ್ರಿ ಹತ್ತಿರಕ್ಕಿಳಿಯುತ್ತದೆ. ಹಿತ್ತಲಲ್ಲಿ ಹತ್ತಿಪ್ಪತ್ತು ಗಿರಿರಾಜ ಕೋಳಿ ಸಾಕುವವರು ಒಬ್ಬೊಬ್ಬರೂ ಬ್ಯಾಟರಿ ಕೊಳ್ಳುವ ಬದಲು ಚಾಕಿ ಕೇಂದ್ರದ ದಾರಿ ಹಿಡಿಯಬಹುದು: ಹೋಬಳಿಗೊಂದು ಕಡೆ, ಹಗಲು ಸೌರ ಹೀಟರಿನಲ್ಲಿ ಕಾಯಿಸಿಟ್ಟ ನೀರನ್ನು ರಾತ್ರಿ ಕೊಳವೆಗಳಲ್ಲಿ ಹರಿಸಿ, ಮರಿಗಳಿಗೆ ಪುಕ್ಕ ಬರುವವರೆಗೆ ಸಾಕಿ, ಆಮೇಲೆ ಮನೆಮನೆಗೆ ಹಂಚುವುದು.